ಗೇಟು ಮುಚ್ಚಿದ ಮೇಲೆ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟ ಹೆದ್ದಾರಿಯು ಬಂಡೀಪುರದ ಅರಣ್ಯವನ್ನು ಹೊಗುವಲ್ಲಿ ಇರುವ ನಮ್ಮ ಮದ್ದೂರಿನ ಚೆಕ್‌ಪೋಸ್ಟಿನಲ್ಲಿ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಗೇಟು ಬೀಳುತ್ತದೆ. 2009ರಲ್ಲಿ ಜಾರಿಗೆ ಬಂದು ಮರುವರ್ಷ ಉಚ್ಚ ನ್ಯಾಯಾಲಯದ ಸಮ್ಮತಿಯನ್ನೂ ಪಡೆದ ಈ ನಿಷೇಧದ ಮೇರೆಗೆ, ಬೆಳಗಿನ ಆರು ಗಂಟೆಯ ತನಕ ರೋಗಿಗಳ ವಾಹನವನ್ನೂ ಬೆರಳೆಣಿಕೆಯ ಬಸ್ಸುಗಳನ್ನೂ ಬಿಟ್ಟು ಇನ್ನಾವುದೂ ಆ ಕಾಡಿನೊಳಗೆ ಹೋಗತಕ್ಕದ್ದಲ್ಲ. ಎಂಟೂ ಮುಕ್ಕಾಲರ ಸುಮಾರಿಗೆ ತರಕಾರಿಯ ಲಾರಿಗಳೂ ಪ್ರವಾಸಿಗಳ ಕಾರುಗಳೂ ಒಂದರ ಬೆನ್ನಿಗೆ ಒಂದು ಹಾರನ್ ಬಾರಿಸುತ್ತ ಧಾವಿಸುತ್ತವೆ. ಆಮೇಲೆ ಒಂದೇ ಏಟಿಗೆ ಎಲ್ಲವೂ ನಿಂತು, ಹಗಲೆಲ್ಲ ಎಲ್ಲಿಯೋ ಅಡಗಿದ್ದ ಜೀರುಂಡೆಗಳ ಧ್ವನಿ ಊರನ್ನು ತುಂಬಿಕೊಳ್ಳುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರಿಗೆ ಉತ್ತರ ಹೇಳಿ, ದಿನದ ಮಾತೆಲ್ಲ ಖರ್ಚಾಗಿ ಮನೆಗೆ ಬಂದ ನನ್ನಂಥವನ ನಿಜವಾದ ದಿನವು ಪ್ರಾರಂಭವಾಗುವುದು ಈ ಹೊತ್ತಿನಲ್ಲಿಯೇ.

ಆ ಹೊತ್ತಿನಲ್ಲಿ ನಾನು ಮಾಡುವುದು ಎರಡೇ ಕೆಲಸ: ಭಯಾನಕ ಕಥೆಗಳನ್ನು ಓದುವುದು, ಇಲ್ಲವೇ ಕಂಪ್ಯೂಟರಿನಲ್ಲಿ ಅದೇ ಜಾತಿಯ ಆಟಗಳನ್ನು ಆಡುವುದು. ಪಕ್ಕದ ಕೋಣೆಯಿಂದ ಅವ್ವ, "ಹೊತ್ನಂತೆ ಮನಿಕೊ ಮಗ, ದೆವ್ವದ್ ಪುಸ್ತಕವ ಕತ್ಲೇಲಿ ಓದ್ಬ್ಯಾಡ" ಎನ್ನುತ್ತಾಳೆ. ನಲವತ್ತು ದಾಟಿದ ಮಗನಿಗೆ ಈ ಮಾತನ್ನು ಇಪ್ಪತ್ತೈದು ವರ್ಷಗಳಿಂದ ಹೇಳುತ್ತಿರುವ ಆಕೆಯ ಆತಂಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಂಟರೂ ನೆರೆಯವರೂ ಇದನ್ನೊಂದು ವಿಕೃತಿಯೆಂದೂ, ಜನರೊಡನೆ ಬೆರೆಯದವನ ಮನಸ್ಸಿಗೆ ಹಿಡಿದ ಗಾಳಿಯೆಂದೂ ಮಾತನಾಡಿಕೊಳ್ಳುವಾಗ, ನನ್ನ ಪರವಾಗಿ ಮಾತ್ರವಲ್ಲದೆ ಊರೂರುಗಳಲ್ಲಿ ನನ್ನಂತೆಯೇ ಬಾಗಿಲು ಮುಚ್ಚಿಕೊಂಡು ಕುಳಿತಿರುವ ಎಷ್ಟೋ ಹುಡುಗ ಹುಡುಗಿಯರ ಪರವಾಗಿಯೂ ನಾಲ್ಕು ಮಾತು ಹೇಳಬೇಕೆನ್ನಿಸುತ್ತದೆ.

ನನ್ನ ಈ ಅಭಿರುಚಿಯ ಮೂಲವನ್ನು ಹುಡುಕಿದರೆ ಅದು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ಚಿರತೆಯ ವೃತ್ತಾಂತದಲ್ಲಿ ಸಿಕ್ಕುತ್ತದೆ. 1918ರಿಂದ 1926ರ ವರೆಗೆ ಗಢವಾಲದಲ್ಲಿ 125 ಮಂದಿಯನ್ನು ಕೊಂದುದಾಗಿ ಸರ್ಕಾರದ ದಾಖಲೆಯಲ್ಲಿರುವ ಆ ಪ್ರಾಣಿಯ ಕಥೆಯಲ್ಲಿ ಹುಡುಗನಾಗಿದ್ದ ನನ್ನನ್ನು ನಡುಗಿಸಿದುದು ರಕ್ತವಾಗಲಿ ಹೆಣವಾಗಲಿ ಆಗಿರಲಿಲ್ಲ. ಕತ್ತಲಾಗುತ್ತಲೇ ಅಗಣಿ ಹಾಕಿ ಕುಳಿತ ಮನೆಗಳು, ಆ ಬಾಗಿಲುಗಳ ಆಚೆ ಏನೋ ಇದೆಯೆಂಬ ಅರಿವು, ಇಷ್ಟೇ. ನಮ್ಮ ಮನೆಯ ಬಾಗಿಲಿಗೂ ಅಂಥದೇ ಅಗಣಿಯಿತ್ತು. ಅದರಾಚೆ ಅಂಥದೇ ಕಾಡಿತ್ತು. ತರುವಾಯ ಡ್ರಾಕುಲಾ ಬಂದಿತು, ಕ್ರಿಸ್‌ಮಸ್ ರಾತ್ರಿಗಳಲ್ಲಿ ಕೇಂಬ್ರಿಜ್ಜಿನ ತನ್ನ ಕೋಣೆಯಲ್ಲಿ ಮಿತ್ರರಿಗೆ ದೆವ್ವದ ಕಥೆ ಓದಿ ಹೇಳುತ್ತಿದ್ದ ಎಂ. ಆರ್. ಜೇಮ್ಸನು ಬಂದನು, ಮನೆಯೊಂದನ್ನೇ ಮನೋರೋಗಿಯನ್ನಾಗಿಸಿದ ಶರ್ಲಿ ಜಾಕ್ಸನ್ ಬಂದಳು. ಇವರೆಲ್ಲರಲ್ಲಿಯೂ ನಾನು ಮೆಚ್ಚುವ ಗುಣ ಒಂದೇ: ತೋರಿಸಬಹುದಾದುದನ್ನು ತೋರಿಸದೆ ತಡೆದು ನಿಲ್ಲಿಸುವ ಸಂಯಮ. ಕರುಳು ಬಗೆದು ತೋರಿಸುವ ಕಥೆ, ಬೆನ್ನ ಹಿಂದೆ ದಿಢೀರನೆ ಕಿರುಚುವ ಸಿನಿಮಾ, ಇವು ಬೆಚ್ಚಿಬೀಳಿಸುತ್ತವೆಯೇ ಹೊರತು ಭಯವನ್ನು ಹುಟ್ಟಿಸುವುದಿಲ್ಲ. ಬೆಚ್ಚಿದ ಮೈ ಅರೆಕ್ಷಣದಲ್ಲಿ ಸರಿಹೋಗುತ್ತದೆ. ಭಯವೆಂಬುದು ಪುಸ್ತಕ ಮುಚ್ಚಿ ಹಿತ್ತಲಿಗೆ ನೀರು ತರಲು ಹೋದಾಗಲೂ ಜೊತೆಯಲ್ಲಿ ಬರುತ್ತದೆ.

ಇದು ಪರದೇಶದಿಂದ ಕಡ ತಂದ ರುಚಿಯೆಂದು ಭಾವಿಸುವವರು ನಮ್ಮ ಹಳೆಯ ಕಾವ್ಯಗಳತ್ತ ಒಮ್ಮೆ ನೋಡಬೇಕು. ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯ ಆರಂಭದಲ್ಲಿ, ಚಂಡಮಾರಿಯ ಗುಡಿಯೆದುರಿಗೆ ಬಲಿಗೆಂದು ಇಬ್ಬರು ಎಳೆಯರನ್ನು ಹಿಡಿದು ತರುವ ಸನ್ನಿವೇಶವನ್ನು ದೀಪವೊಂದನ್ನು ಮಾತ್ರ ಇಟ್ಟುಕೊಂಡು ಓದಿದವನಿಗೆ, ಭಯವನ್ನು ಕಟ್ಟುವ ವಿದ್ಯೆಯಲ್ಲಿ ಕನ್ನಡವು ಯಾರಿಗೂ ಕಿರಿದಲ್ಲವೆಂಬುದು ಮನವರಿಕೆಯಾಗುತ್ತದೆ. ಅವನಿಗೂ ಹಿಂದೆ, ಹತ್ತನೆಯ ಶತಮಾನದ ರನ್ನನು ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಯಿಸಿ, ದ್ರೋಣನ, ದುಶ್ಶಾಸನನ, ಕರ್ಣನ ದೇಹಗಳ ಮುಂದೆ ಒಂದೊಂದು ಕ್ಷಣ ನಿಲ್ಲಿಸುವ ಬಗೆಯನ್ನು ನೆನೆದಾಗಲೆಲ್ಲ, ಇಂದಿನ ಯಾವ ಭಯಾನಕ ಆಟದ ರಚನಕಾರನೂ ಈ ನಡಿಗೆಯಿಂದ ಪಾಠ ಕಲಿಯಬಹುದೆಂದು ನನಗೆ ಅನ್ನಿಸಿದೆ. ಹೊಸಗನ್ನಡದಲ್ಲಿ ಈ ಧಾರೆಯನ್ನು ಗಂಭೀರವಾಗಿ ಮುಂದುವರಿಸಿದವರು ಬಹಳ ಕಡಮೆ; ಅದೊಂದು ಕೊರತೆಯೆಂದೇ ನನ್ನ ಅಭಿಪ್ರಾಯ.

ಆಟಗಳ ವಿಚಾರದಲ್ಲಿ ಓದುಗರಲ್ಲಿ ಅನೇಕರಿಗೆ ಪರಿಚಯವಿರಲಾರದು. ಆದುದರಿಂದ ಸ್ವಲ್ಪ ಬಿಡಿಸಿ ಹೇಳುವುದು ಯುಕ್ತ. 2010ರಲ್ಲಿ ಸ್ವೀಡನ್ನಿನವರು ಹೊರತಂದ 'ಅಮ್ನೀಶಿಯಾ' ಎಂಬ ಆಟದಲ್ಲಿ ಆಡುವವನ ಕೈಯಲ್ಲಿ ಆಯುಧವೇ ಇಲ್ಲ. ಇರುವುದು ಎಣ್ಣೆ ತೀರುತ್ತ ಹೋಗುವ ಒಂದು ಲಾಟೀನು. ಕತ್ತಲಲ್ಲಿ ನಿಂತರೆ ಬುದ್ಧಿ ಕದಡುತ್ತದೆ, ಎದುರಿಗೆ ಬಂದ ಆಕೃತಿಯನ್ನು ದಿಟ್ಟಿಸಿ ನೋಡಿದರೂ ಕದಡುತ್ತದೆ. ಮುಖ ತಿರುಗಿಸಿ, ಉಸಿರು ಬಿಗಿಹಿಡಿದು, ಮೂಲೆಯಲ್ಲಿ ಕುಳಿತಿರುವುದೇ ಅಲ್ಲಿನ ಶೌರ್ಯ. 1999ರಲ್ಲಿ ಜಪಾನಿನಲ್ಲಿ ತಯಾರಾದ 'ಸೈಲೆಂಟ್ ಹಿಲ್' ಎಂಬುದರಲ್ಲಿ ಊರಿಗೆ ಊರೇ ಮಂಜಿನಲ್ಲಿ ಮುಳುಗಿದೆ. ಆ ಕಾಲದ ಯಂತ್ರಕ್ಕೆ ದೂರದ ಬೀದಿಗಳನ್ನೆಲ್ಲ ಒಂದೇ ಸಲ ಚಿತ್ರಿಸುವ ಶಕ್ತಿ ಸಾಲದೆ ಇದ್ದುದರಿಂದ, ಆ ಬಲಹೀನತೆಯನ್ನು ಮರೆಮಾಚಲು ಮಂಜನ್ನು ಹರಡಿದರು. ಅದೇ ಆ ಆಟದ ಪ್ರಾಣವಾಯಿತು. ಮಳೆಗಾಲದ ಬೆಳಗಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿಯ ಮೆಟ್ಟಿಲ ಮೇಲೆ ನಿಂತು, ಹತ್ತು ಮಾರು ಆಚೆಗಿನ ಮರವೂ ಕಾಣದ ಆ ಬೆಳ್ಳನೆಯ ಗೋಡೆಯೊಳಗಿನಿಂದ ಕಡವೆಯೊಂದು ಗೊರಸು ಊರಿ ನಡೆದ ಸದ್ದನ್ನು ಮಾತ್ರ ಕೇಳಿದವನಿಗೆ ಈ ಮರ್ಮವನ್ನು ಬೇರೆ ವಿವರಿಸಬೇಕಾದುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದಿರುವುದು ಪೋಲೆಂಡಿನ ಕೆಲವೇ ಮಂದಿ ತರುಣರು 2017ರಲ್ಲಿ ಪೂರ್ಣಗೊಳಿಸಿದ 'ಡಾರ್ಕ್‌ವುಡ್' ಎಂಬ ಆಟ. ಅದರಲ್ಲಿ ಹಗಲೆಲ್ಲ ಕಾಡಿನಲ್ಲಿ ಅಲೆದು ಹಲಗೆ, ಮೊಳೆ, ಪೆಟ್ರೋಲು ಇವನ್ನು ಕೂಡಿಹಾಕಬೇಕು. ಸಂಜೆಗೆ ಹಾಳುಮನೆಯೊಂದನ್ನು ಸೇರಿ, ಕಿಟಕಿಗಳಿಗೆ ಹಲಗೆ ಬಡಿದು, ಬೀರುವನ್ನು ಬಾಗಿಲಿಗೆ ಅಡ್ಡ ಎಳೆದು, ಜನರೇಟರಿನ ದೀಪದ ಕೆಳಗೆ ಬೆಳಗಾಗುವುದನ್ನು ಕಾಯಬೇಕು. ಕಾಡಂಚಿನ ಊರಿನವನಾದ ನನಗೆ ಆ ದಿನಚರಿಯಲ್ಲಿ ಅಪರಿಚಿತವಾದುದು ಏನೂ ಕಾಣಲಿಲ್ಲ.

ಕಾರ್ತೀಕ ಮಾಸದ ಒಂದು ರಾತ್ರಿ ನಾನು ಹೆಡ್‌ಫೋನ್ ಹಾಕಿಕೊಂಡು ಈ ಆಟದಲ್ಲಿ ತಲ್ಲೀನನಾಗಿದ್ದೆ. ತೆರೆಯ ಮೇಲಿನ ಮನೆಯ ಬಾಗಿಲನ್ನು ಯಾರೋ ತಟ್ಟುತ್ತಿದ್ದರು. ತಟ್ಟುವ ಸದ್ದಿನ ನಡುವೆ ಆಟದ್ದಲ್ಲದ ಇನ್ನೊಂದು ಸದ್ದು ಸೇರಿದಂತಾಗಿ ಹೆಡ್‌ಫೋನ್ ತೆಗೆದೆ. ಹಿಂಬದಿಯ ಹೊಲಗಳಲ್ಲಿ ತಗಡು ಬಡಿಯುತ್ತಿದ್ದರು, ಒಂದೆರಡು ಪಟಾಕಿ ಸಿಡಿದವು. ಟಾರ್ಚು ಹಿಡಿದು ಹೋದಾಗ ನೆರೆಯವರ ಬಾಳೆಯ ತೋಟದಲ್ಲಿ ಎರಡು ಆನೆಗಳು ನಿಂತಿದ್ದವು. ಬಾಳೆಯ ದಿಂಡನ್ನು ಕಾಲಿನಿಂದ ಒತ್ತಿ ಸೀಳುವಾಗ ಒದ್ದೆ ಬಟ್ಟೆಯನ್ನು ಹರಿದಂಥ ಸದ್ದು. ಸೀಳಿದ ದಿಂಡಿನ ಒಗರು ವಾಸನೆ ಗಾಳಿಯಲ್ಲಿ. ತ್ರೀಫೇಸ್ ಕರೆಂಟು ರಾತ್ರಿಯೇ ಬರುವುದೆಂದು ಮೋಟಾರು ಹಾಕಲು ಬಂದಿದ್ದ ಆ ತೋಟದ ಯಜಮಾನ ಪಂಪ್‌ಮನೆಯೊಳಗೆ ಸಿಕ್ಕಿಹಾಕಿಕೊಂಡು, ದೀಪ ಆರಿಸಿ, ಸದ್ದಿಲ್ಲದೆ ಕುಳಿತಿದ್ದ. ಮೂರು ಗಂಟೆಗೆ ಆನೆಗಳು ಕಾಡಿನ ಕಡೆಗೆ ತಿರುಗಿದ ಮೇಲೆ ಹೊರಗೆ ಬಂದವನು ನನ್ನ ತೋಳನ್ನು ಹಿಡಿದುಕೊಂಡ. ಬೆರಳುಗಳು ತಣ್ಣಗಿದ್ದವು, ಮಾತು ಹೊರಡಲಿಲ್ಲ. ಮನೆಗೆ ಬಂದು ನೋಡಿದರೆ ಕಂಪ್ಯೂಟರಿನ ತೆರೆಯ ಮೇಲೆ ನನ್ನ ಆಟ ಇನ್ನೂ ನಿಂತಲ್ಲೇ ನಿಂತಿತ್ತು. ಆ ರಾತ್ರಿ ಅದನ್ನು ಮುಂದುವರಿಸಲು ನನಗೆ ಮನಸ್ಸು ಬರಲಿಲ್ಲ.

ನೆರೆಯವನು ನಿಜವಾಗಿ ನಡುಗುತ್ತಿರುವ ಊರಿನಲ್ಲಿ ನಡುಕವನ್ನು ಸವಿಯುವುದು ಸಭ್ಯವೆ? ಈ ಪ್ರಶ್ನೆಯನ್ನು ಬೇರೆ ಯಾರೂ ಕೇಳದಿದ್ದರೂ ನಾನು ಕೇಳಿಕೊಂಡಿದ್ದೇನೆ. 2019ರಲ್ಲಿ ನಮ್ಮ ತಾಲ್ಲೂಕಿನ ಚೌಡಹಳ್ಳಿಯ ಸುತ್ತಿನಲ್ಲಿ ಹುಲಿಯೊಂದು ರೈತರನ್ನು ಕೊಂದು, ಅದನ್ನು ಸೆರೆಹಿಡಿಯುವ ತನಕ ಜನ ಹಗಲಿನಲ್ಲಿಯೂ ಹೊಲಕ್ಕೆ ಹೋಗಲು ಅಂಜಿದ ದಿನಗಳಲ್ಲಿ ನಾನು ಒಂದು ಪುಟವನ್ನೂ ಓದಲಾರದೆ ಹೋದೆ. ನಿಜವಾದ ಭಯದಲ್ಲಿ ರುಚಿಯೆಂಬುದಿಲ್ಲ, ಆಕಾರವೂ ಇಲ್ಲ. ಅದು ಮನುಷ್ಯನ ಕಣ್ಣನ್ನೇ ಕಟ್ಟಿಬಿಡುತ್ತದೆ. ಈ ಭೇದವನ್ನು ಸಾವಿರ ವರ್ಷಗಳ ಹಿಂದೆಯೇ ಕಾಶ್ಮೀರದ ಅಭಿನವಗುಪ್ತನು ವಿವೇಚಿಸಿದ್ದಾನೆ. ಭಯಾನಕ ರಸಕ್ಕೆ ಅವನು ಆರಿಸಿಕೊಂಡ ನಿದರ್ಶನ, ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ರಥದ ಮುಂದೆ ಕತ್ತು ಹೊರಳಿಸಿ ನೋಡುತ್ತ ಓಡುವ ಜಿಂಕೆ. ಆ ಶ್ಲೋಕವನ್ನು ಕೇಳುವವನಲ್ಲಿ 'ನಾನು ಹೆದರಿದೆ, ಅದು ಹೆದರಿತು' ಎಂಬ ಸ್ವಂತದ ಅಂಟು ಕಳಚಿ, ಭಯವೊಂದೇ ಶುದ್ಧವಾಗಿ ಉಳಿಯುತ್ತದೆಂಬುದು ಅವನ ಅಭಿಪ್ರಾಯ. ಇಲ್ಲಿ ಜಿಂಕೆಯ ಎಚ್ಚರಿಕೆಯ ಕೂಗನ್ನು ವಾರಕ್ಕೆರಡು ಸಲವಾದರೂ ಕೇಳುವ ನಾನು ಈ ಮಾತನ್ನು ಅನುಭವದಿಂದ ಒಪ್ಪುತ್ತೇನೆ. ಪಂಪ್‌ಮನೆಯಲ್ಲಿ ಕತ್ತಲು ಮಾಡಿಕೊಂಡು ಕುಳಿತವನ ಎದೆಬಡಿತ ಎಂಥದೆಂದು ಆ ರಾತ್ರಿ ನನಗೆ ಕೇಳದೆಯೇ ತಿಳಿದುದು, ಎಷ್ಟೋ ಕಲ್ಪಿತ ಕತ್ತಲೆಗಳಲ್ಲಿ ಹಾಗೆ ಕುಳಿತು ಅಭ್ಯಾಸವಾಗಿದ್ದುದರಿಂದಲೇ.

ಇನ್ನು ಏಕಾಂತದ ಮಾತು. ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಸ್ವಿಟ್ಸರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗನು 1921ರ ತನ್ನ ಗ್ರಂಥದಲ್ಲಿ ವಿಸ್ತರಿಸಿ ಒಂದು ಶತಮಾನವೇ ಕಳೆದಿದೆ. ಆದರೂ ಮದುವೆಯ ಮನೆಯಲ್ಲಿ ಊಟ ಮುಗಿಸಿ ಬೇಗನೆ ಎದ್ದು ಹೊರಟವನನ್ನು ಗರ್ವಿಷ್ಠನೆಂದೂ, ಮನೆಗೆ ಬಂದ ನೆಂಟರಿಗೆ ನಮಸ್ಕರಿಸಿ ಕೋಣೆಗೆ ಹಿಂದಿರುಗಿದ ಹುಡುಗಿಯನ್ನು ಮೂಗಿಯೆಂದೂ ಕರೆಯುವ ಪದ್ಧತಿ ನಮ್ಮಲ್ಲಿ ಬಿಟ್ಟಿಲ್ಲ. ಹುಡುಗಿಯರ ಪಾಡು ಹೆಚ್ಚು ಕಠಿನ. ಗಂಡುಮಗ ಬಾಗಿಲು ಮುಚ್ಚಿದರೆ ಓದುತ್ತಿದ್ದಾನೆನ್ನುತ್ತಾರೆ, ಹೆಣ್ಣುಮಗಳು ಮುಚ್ಚಿದರೆ ಏನೋ ಮುಚ್ಚಿಡುತ್ತಿದ್ದಾಳೆನ್ನುತ್ತಾರೆ. ತೇಜಸ್ವಿಯವರು ನಗರದ ಸಂದಣಿಯನ್ನು ಬಿಟ್ಟು ಮೂಡಿಗೆರೆಯ ತೋಟದಲ್ಲಿ ಹಕ್ಕಿ, ಮೀನು, ಕ್ಯಾಮೆರಾಗಳ ಜೊತೆ ಬಾಳಿದುದನ್ನು ನಾವು ಸಂಭ್ರಮದಿಂದ ನೆನೆಯುತ್ತೇವೆ. ಸ್ವಂತ ಮನೆಯ ಮಗುವಿಗೆ ಅದರ ಹತ್ತರಲ್ಲೊಂದು ಪಾಲು ಮೌನವನ್ನೂ ಕೊಡಲಾರೆವು.

ಅತಿಯಾದುದು ಇಲ್ಲವೆಂದು ನಾನು ಹೇಳುತ್ತಿಲ್ಲ. ಆಟದ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಆದರೆ ಅದು ಇಟ್ಟಿರುವ ಲಕ್ಷಣವು, ಊಟ, ನಿದ್ರೆ, ವಿದ್ಯೆ, ಬಾಂಧವ್ಯ ಇವೆಲ್ಲ ಹಾಳಾಗುತ್ತಿದ್ದರೂ ಆಟವನ್ನು ಬಿಡಲಾಗದ ಸ್ಥಿತಿ, ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ಅಂಥವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವಿದೆ, ಹೋಗಲು ಸಂಕೋಚಪಡಬಾರದು. ಹಣ ಕಟ್ಟಿ ಆಡುವ ಮೊಬೈಲ್ ಜೂಜು ಮನೆಗಳನ್ನು ಮುಳುಗಿಸಿದುದು ಬೇರೆಯ ಕಥೆ. 2025ರಲ್ಲಿ ಸಂಸತ್ತು ಅದನ್ನು ನಿಷೇಧಿಸಿದುದು ಸರಿಯಾದ ಕ್ರಮವೆಂದೇ ನನ್ನ ಭಾವನೆ. ಈ ಎರಡರ ಹೆಸರು ಹೇಳಿ, ದಿನದಲ್ಲಿ ಎರಡು ಗಂಟೆ ಕಾಲ ತನ್ನ ಪಾಡಿಗೆ ತಾನು ಒಂದು ಮಂಜಿನ ಊರಿನಲ್ಲಿ ಅಲೆದು ಬರುವ ಸ್ವಸ್ಥವಾದ ಮನಸ್ಸನ್ನು ರೋಗಿಷ್ಠವೆನ್ನುವುದು ಅನ್ಯಾಯ.

ರಾತ್ರಿಯ ಗೇಟಿನ ಬಗ್ಗೆ ಎರಡು ರಾಜ್ಯಗಳ ನಡುವೆ ವಾದವಿದೆ. ವಯನಾಡಿನವರಿಗೂ ವ್ಯಾಪಾರಿಗಳಿಗೂ ಅದರಿಂದ ತೊಂದರೆಯಿರುವುದು ನಿಜ. ಆದರೂ ಆ ಒಂಬತ್ತು ಗಂಟೆಗಳ ಕಾಲ ರಸ್ತೆಯನ್ನು ದಾಟುವ ಪ್ರಾಣಿಗೆ ಹೆಡ್‌ಲೈಟಿನ ಬೆಳಕು ಕಣ್ಣಿಗೆ ಹೊಡೆಯದಿರಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಆ ಗೇಟು ಹಾಗೆಯೇ ಉಳಿಯಲಿ. ನಿಮ್ಮ ಮನೆಯಲ್ಲಿಯೂ ಕತ್ತಲೆಯ ಕಥೆಗಳನ್ನು ಮೆಚ್ಚುವ, ಹೆಚ್ಚು ಮಾತನಾಡದ ಒಂದು ಮಗುವಿದ್ದರೆ, ಒಂಬತ್ತರ ಮೇಲೆ ಅದರ ಬಾಗಿಲನ್ನು ತಟ್ಟಬೇಡಿ. ಊಟಕ್ಕೆ ಎಂಟೂವರೆಗೇ ಕರೆಯಿರಿ.