ಕೂಸು ಹುಟ್ಟುವ ಮುನ್ನವೇ ತೆರಿಗೆ

ಕೊಟ್ಟ ಕಂಪನಿ ಒಂದೇ, ಕೊಟ್ಟ ಕಾರಣವೂ ಒಂದೇ. ಆದರೂ ಆ ಹಣಕ್ಕೆ ತೆರಿಗೆ ಕಟ್ಟಬೇಕು ಎಂದಿತು ಮದ್ರಾಸ್ ಹೈಕೋರ್ಟು. ಬೇಕಿಲ್ಲ ಎಂದಿತು ದೆಹಲಿ ಹೈಕೋರ್ಟು. ನಮ್ಮ ಕರ್ನಾಟಕ ಹೈಕೋರ್ಟು ದೆಹಲಿಯ ದಾರಿಯನ್ನೇ ಹಿಡಿಯಿತು. ಚೆನ್ನೈನಲ್ಲಿ ಕೂತವನಿಗೊಂದು ನ್ಯಾಯ, ಬೆಂಗಳೂರಿನಲ್ಲಿ ಕೂತವನಿಗೊಂದು ನ್ಯಾಯ.

ಪ್ರಕರಣ ಫ್ಲಿಪ್‌ಕಾರ್ಟಿನದು. 2022ರ ಕೊನೆಗೆ ಫೋನ್‌ಪೇ ಅದರಿಂದ ಬೇರೆಯಾಯಿತು. ಫ್ಲಿಪ್‌ಕಾರ್ಟಿನ ಇಸಾಪ್, ಅಂದರೆ ಮುಂದೊಂದು ದಿನ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು, ಹೊಂದಿದ್ದವರಿಗೆ ಆ ಹಕ್ಕಿನ ಬೆಲೆ ತಗ್ಗಿತು. ಅದಕ್ಕೆ ಪರಿಹಾರವಾಗಿ 2023ರಲ್ಲಿ ಕಂಪನಿ ಒಂದೊಂದು ಹಕ್ಕಿಗೆ 43.67 ಡಾಲರ್ ಕೊಟ್ಟಿತು. ಷೇರೇ ಕೈಗೆ ಬಂದಿಲ್ಲ, ಇದು ಬಂಡವಾಳ ನಷ್ಟದ ಪರಿಹಾರ, ಸಂಬಳವಲ್ಲ ಎಂಬುದು 2024ರ ದೆಹಲಿ ತೀರ್ಪಿನ ತರ್ಕ. ಹಕ್ಕುಗಳು ನೌಕರನ ಬಳಿಯೇ ಉಳಿದಿವೆ, ಈ ಲಾಭ ನೌಕರಿಯಿಂದಲೇ ಬಂದದ್ದು ಎಂದು ಅದೇ ವರ್ಷ ಚೆನ್ನೈನಲ್ಲಿ ತೀರ್ಪಾಯಿತು. 2025ರಲ್ಲಿ ಬೆಂಗಳೂರಿನಲ್ಲಿ ನೌಕರ ಗೆದ್ದ.

ಸ್ಟಾರ್ಟಪ್ ವಲಯದವರು ಮದ್ರಾಸ್ ತೀರ್ಪನ್ನು ಬೈದದ್ದೇ ಬೈದದ್ದು. ನನಗೆ ಆ ಸಿಟ್ಟು ಒಪ್ಪಿಗೆಯಿಲ್ಲ. ಅಲ್ಲಿ ಹಣ ನೌಕರನ ಖಾತೆಗೆ ಬಂದಿತ್ತು; ಬಂದ ಹಣದಲ್ಲಿ ಸರ್ಕಾರ ಪಾಲು ಕೇಳಿದರೆ ಅದು ಅನ್ಯಾಯವಾಗದು. ಊರಿಗೊಂದು ತೀರ್ಪಾದದ್ದು ತಪ್ಪು, ಅದನ್ನು ಸರಿಪಡಿಸಬೇಕು. ಆದರೆ ನಿಜವಾದ ಅನ್ಯಾಯ ಆಗುತ್ತಿರುವುದು ಬೇರೆಯವರಿಗೆ: ಬಿಡಿಗಾಸೂ ಕೈಗೆ ಬಾರದೆ ತೆರಿಗೆ ಕಟ್ಟುವವರಿಗೆ.

ಲೆಕ್ಕ ಹಾಕಿ ನೋಡಿ. ಚೆನ್ನೈನ ತರಮಣಿಯ ಒಂದು ಸಣ್ಣ ಕಂಪನಿಯಲ್ಲಿ ಒಬ್ಬಳಿಗೆ ತಲಾ 10 ರೂಪಾಯಿಗೆ 1,000 ಷೇರು ಕೊಳ್ಳುವ ಹಕ್ಕಿದೆ ಎನ್ನೋಣ. ಆಕೆ 10,000 ರೂಪಾಯಿ ಕಟ್ಟಿ ಷೇರು ಪಡೆದ ದಿನ ಮರ್ಚೆಂಟ್ ಬ್ಯಾಂಕರ್ ಒಂದೊಂದರ ಬೆಲೆ 1,010 ರೂಪಾಯಿ ಎಂದು ಷರಾ ಬರೆದರೆ, ಆಕೆಗೆ 10 ಲಕ್ಷ ರೂಪಾಯಿ 'ಸಂಬಳ' ಬಂದಂತೆ! ಶೇ 30ರ ತೆರಿಗೆ ಹಂತದಲ್ಲಿದ್ದರೆ ಸೆಸ್ ಸೇರಿ 3.12 ಲಕ್ಷ ತೆರಿಗೆ. ಷೇರುಪೇಟೆಯಲ್ಲಿಲ್ಲದ ಕಂಪನಿಯ ಷೇರನ್ನು ಕೊಳ್ಳುವವರಿಲ್ಲ, ಒತ್ತೆಯಿಟ್ಟರೆ ಸಾಲ ಹುಟ್ಟುವುದಿಲ್ಲ. ಎರಡು ವರ್ಷಕ್ಕೆ ಕಂಪನಿ ಮುಚ್ಚಿತೆನ್ನಿ, ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಆದ ನಷ್ಟ ಬಂಡವಾಳದ ಬಾಬತ್ತು, ಅದನ್ನು ಸಂಬಳದ ಆದಾಯದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆ? ಗೊತ್ತಿದೆ. 2020ರ ಬಜೆಟ್ಟಿನಲ್ಲಿ ಈ ತೆರಿಗೆಯನ್ನು ಮುಂದೂಡುವ ಅವಕಾಶ ಕೊಟ್ಟದ್ದೇ ಅದಕ್ಕೆ ಸಾಕ್ಷಿ. ಆದರೆ ಅದನ್ನು ಕೊಟ್ಟದ್ದು 1961ರ ಆದಾಯ ತೆರಿಗೆ ಕಾಯ್ದೆಯ 80-ಐಎಸಿ ಕಲಮಿನಡಿ ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ. ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳು ಲಕ್ಷ ದಾಟಿವೆ. ಈ ಪ್ರಮಾಣಪತ್ರ ಸಿಕ್ಕಿದ್ದು ಕೆಲವೇ ಸಾವಿರಕ್ಕೆ. ಅಲ್ಲೂ ಕೊಕ್ಕೆಯಿದೆ. ಷೇರು ಮಾರದಿದ್ದರೂ ಸರಿ, ಕೆಲಸ ಬಿಟ್ಟ ಕೂಡಲೇ ತೆರಿಗೆ ಬಾಕಿ ಬೀಳುತ್ತದೆ. ಇಸಾಪ್ ಸಂಬಳದ ಬದಲಿಗೆ ಕೊಟ್ಟದ್ದಲ್ಲವೆ, ತೆರಿಗೆ ಬೇಡವೆ ಎಂದು ಅಧಿಕಾರಿಗಳು ಕೇಳಬಹುದು. ಬೇಕು. ಆದರೆ ಮಾರಿದ ದಿನ, ಬಂದ ಹಣದಿಂದ. ಯಾರೂ ವಿನಾಯಿತಿ ಕೇಳುತ್ತಿಲ್ಲ, ಸ್ವಲ್ಪ ಸಮಯ ಕೇಳುತ್ತಿದ್ದಾರೆ.

ಇನ್ನು ಸಂಸ್ಥಾಪಕರ ಸರದಿ. ಚೆನ್ನೈನಲ್ಲಿ ಇಸಾಪ್ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಫ್ರೆಶ್‌ವರ್ಕ್ಸ್. 2010ರಲ್ಲಿ ಅಲ್ಲೇ ಶುರುವಾದ ಈ ಕಂಪನಿ 2021ರ ಸೆಪ್ಟೆಂಬರಿನಲ್ಲಿ ನ್ಯಾಸ್‌ಡ್ಯಾಕಿಗೆ ಕಾಲಿಟ್ಟಾಗ ಭಾರತದ 500ಕ್ಕೂ ಹೆಚ್ಚು ನೌಕರರು ಕೋಟ್ಯಧಿಪತಿಗಳಾದರು ಎಂದು ಸಂಸ್ಥಾಪಕ ಗಿರೀಶ್ ಮಾತೃಭೂತಂ ಹೇಳಿದರು. ಹೆಮ್ಮೆಯ ಸಂಗತಿಯೇ. ಆದರೆ 36 ಡಾಲರಿಗೆ ಬಿಡುಗಡೆಯಾದ ಆ ಷೇರು ಮರುವರ್ಷವೇ ಅರ್ಧಕ್ಕಿಂತ ಕೆಳಗಿಳಿದಿತ್ತು ಎಂಬುದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ಅದೇ ಕಂಪನಿ ಶೇ 13ರಷ್ಟು ಸಿಬ್ಬಂದಿಯನ್ನು ಕೈಬಿಟ್ಟು, ಜೊತೆಗೇ 40 ಕೋಟಿ ಡಾಲರಿನ ಷೇರು ಮರುಖರೀದಿ ಘೋಷಿಸಿತು. ಸಾಫ್ಟ್‌ವೇರ್ ಕಂಪನಿ ಜೊಹೊದ ಸಂಸ್ಥಾಪಕ ಶ್ರೀಧರ್ ವೆಂಬು ಹೆಸರೆತ್ತದೆ ಇದನ್ನು ದುರಾಸೆ ಎಂದು ಜರೆದರು. ಜೊಹೊ ಹೂಡಿಕೆದಾರರ ಹಣ ಮುಟ್ಟದೆ ಬೆಳೆದದ್ದು ನಿಜ. ಆದರೆ ಅದರ ಮಾಲೀಕತ್ವ ಬಹುಪಾಲು ವೆಂಬು ಕುಟುಂಬದಲ್ಲೇ ಇದೆ ಎಂಬುದೂ ಅಷ್ಟೇ ನಿಜ. ಷೇರು ಹಂಚಿದವರು ನೌಕರಿ ಉಳಿಸಲಿಲ್ಲ. ನೌಕರಿಯ ಪರ ಮಾತಾಡಿದವರ ಮನೆಯಲ್ಲೇ ಷೇರು ಉಳಿಯಿತು.

ಸಣ್ಣ ಕಂಪನಿಗಳ ಸಂಸ್ಥಾಪಕರು ಮಾಡುವ ತಪ್ಪು ಇನ್ನೂ ಸರಳ. ಹೂಡಿಕೆದಾರರ ಜೊತೆ ತಮ್ಮ ಪಾಲಿನ ಒಪ್ಪಂದವನ್ನು ಅಲ್ಪವಿರಾಮ ಬಿಡದೆ ವಕೀಲರಿಂದ ಓದಿಸುತ್ತಾರೆ. ನೌಕರನಿಗೆ ಬಂದಾಗ ಆಫರ್ ಲೆಟರ್‌ನಲ್ಲಿ ಒಂದು ಸಾಲು: 'ವಾರ್ಷಿಕ ಸಿಟಿಸಿ 30 ಲಕ್ಷ, ಅದರಲ್ಲಿ ಇಸಾಪ್ 12 ಲಕ್ಷ.' ಈ 12 ಲಕ್ಷ ಎಷ್ಟು ಷೇರು, ಯಾವ ಬೆಲೆಗೆ ಎಂಬುದಕ್ಕೆ ಉತ್ತರವಿಲ್ಲ. ಕಂಪನಿ ಕಾಯ್ದೆಯ ನಿಯಮ ಹಾಗಿಲ್ಲ. ಇಸಾಪ್ ಯೋಜನೆಗೆ ಷೇರುದಾರರ ನಿರ್ಣಯ ಬೇಕು, ಕೊಟ್ಟ ದಿನದಿಂದ ಹಕ್ಕು ಪಕ್ವವಾಗಲು ಕನಿಷ್ಠ ಒಂದು ವರ್ಷದ ಅಂತರ ಬೇಕು, ಎಸ್‌ಎಚ್-6 ನಮೂನೆಯ ರಿಜಿಸ್ಟರಿನಲ್ಲಿ ನೌಕರನ ಹಕ್ಕು ದಾಖಲಾಗಬೇಕು. ಇದಾವುದೂ ಇಲ್ಲದೆ ಕ್ಯಾಂಟೀನಿನಲ್ಲಿ ಬಾಯಿಮಾತಿಗೆ 'ಒಂದು ಪರ್ಸೆಂಟ್ ನಿನ್ನದು' ಎನ್ನುವುದು ಕೊಡುಗೆಯಲ್ಲ, ಬಿಟ್ಟಿ ದುಡಿಸುವ ಉಪಾಯ.

ಪಾರ್ಲಿಮೆಂಟು ಮಾಡಬೇಕಾದದ್ದು ಒಂದೇ ಕೆಲಸ. ಷೇರುಪೇಟೆಗೆ ಬಾರದ ಎಲ್ಲ ಕಂಪನಿಗಳ ಇಸಾಪಿಗೂ ಮಾರಿದ ದಿನವೇ ತೆರಿಗೆ ಎಂದು ಬರೆಯುವುದು. 1961ರ ಕಾಯ್ದೆಯ ಜಾಗಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ ತರುವಾಗ ಅದಕ್ಕೆ ಒಳ್ಳೆಯ ಅವಕಾಶವಿತ್ತು, ಕೈಬಿಟ್ಟರು.

ಅಲ್ಲಿಯವರೆಗೆ, ಚೆನ್ನೈನ ಓಎಂಆರ್‌ನಲ್ಲೋ ಬೆಂಗಳೂರಿನ ಕೋರಮಂಗಲದಲ್ಲೋ ಕೆಲಸಕ್ಕೆ ಸೇರುವ ನಮ್ಮ ಮಕ್ಕಳು ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಲಿ. ಕಂಪನಿಯ ಒಟ್ಟು ಷೇರು ಎಷ್ಟು? ನಾನು ಕೊಳ್ಳುವ ಬೆಲೆ ಏನು? ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ಕೊಳ್ಳಬೇಕು? ಕಂಪನಿ ಮಾರಾಟವಾದರೆ ನನಗಿಂತ ಮೊದಲು ಯಾರು ಹಣ ಎತ್ತಿಕೊಳ್ಳುತ್ತಾರೆ? ಬರಹದಲ್ಲಿ ಉತ್ತರ ಕೊಡದ ಕಂಪನಿಯ ಇಸಾಪನ್ನು ಸಂಬಳದ ಲೆಕ್ಕದಲ್ಲಿ ಸೊನ್ನೆ ಎಂದೇ ಹಿಡಿಯಿರಿ.