ತಲೆಗೆ ಬಿದ್ದ ಪೆಟ್ಟು: ಹೊಣೆ ಯಾರದು, ಭಾಷೆ ಯಾವುದು?

ಕೆನಡಾದ ಒಟ್ಟಾವಾ ನಗರದ ಶಾಲಾ ರಗ್ಬಿ ತಂಡವೊಂದರ ನಾಯಕಿ, 17 ವರ್ಷದ ರೋವನ್ ಸ್ಟ್ರಿಂಗರ್ 2013ರ ಮೇ ತಿಂಗಳಲ್ಲಿ ಮೃತಪಟ್ಟಳು. ಆರು ದಿನಗಳೊಳಗೆ ಆಡಿದ ಪಂದ್ಯಗಳಲ್ಲಿ ಆಕೆಯ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದಿತ್ತು. ತನಗೆ ಕನ್ಕಷನ್ ಆಗಿರಬಹುದೆಂಬ ಸಂಶಯ ಆಕೆಗಿತ್ತು. ಮೊಬೈಲಿನಲ್ಲಿ ಅದರ ವಿವರ ಹುಡುಕಿದ್ದಳು. ಸ್ನೇಹಿತರಿಗೆ ಸಂದೇಶ ಕಳುಹಿಸಿದ್ದಳು. ಆದರೆ ಆ ಸಂಶಯ ಆಟವನ್ನು ತಡೆಯಬಲ್ಲ ಹಿರಿಯರವರೆಗೆ ತಲುಪಲಿಲ್ಲ.

2015ರ ಮರಣ ವಿಚಾರಣೆಯು 49 ಶಿಫಾರಸುಗಳನ್ನು ಮಾಡಿತು. 2018ರಲ್ಲಿ ಒಂಟಾರಿಯೊ ಪ್ರಾಂತವು ‘ರೋವನ್ ಕಾನೂನ’ನ್ನು ಅಂಗೀಕರಿಸಿತು. ಅದರ ವ್ಯಾಪ್ತಿಗೆ ಬರುವ ಕ್ರೀಡೆಗಳಲ್ಲಿ 26 ವರ್ಷದೊಳಗಿನ ಆಟಗಾರರು, 18 ತುಂಬದವರ ಪೋಷಕರು, ತರಬೇತುದಾರರು ಇವರೆಲ್ಲರೂ ಪ್ರತಿವರ್ಷ ಕನ್ಕಷನ್ ಕುರಿತ ಮಾಹಿತಿಯನ್ನು ಓದಿ ದೃಢೀಕರಿಸಬೇಕು. ಸಂಶಯ ಬಂದೊಡನೆ ಮಗುವನ್ನು ಆಟದಿಂದ ಹೊರತರಲು ಒಬ್ಬರನ್ನು ಮೊದಲೇ ಗೊತ್ತುಪಡಿಸಿರಬೇಕು. ಈ ಕೊನೆಯ ಅಂಶವೇ ನಮಗೆ ಮುಖ್ಯವಾಗಿ ಕಾಣುತ್ತದೆ. ಹೊಣೆ ಎಲ್ಲರದು ಎಂದಷ್ಟೇ ಬಿಟ್ಟರೆ ಅದು ಯಾರದೂ ಆಗುವುದಿಲ್ಲ.

ದೂರದರ್ಶನದಲ್ಲಿ ಕಾಣುವ ವೃತ್ತಿಪರ ರಗ್ಬಿಯಲ್ಲಿ ಆಟಗಾರನನ್ನು ಕೆಲ ನಿಮಿಷ ಹೊರಗೆ ಕರೆದೊಯ್ದು, ವೈದ್ಯರು ಪರೀಕ್ಷಿಸಿ, ಸರಿಯಿದ್ದರೆ ಮರಳಿ ಕಳುಹಿಸುತ್ತಾರೆ. ಊರಿನ, ಶಾಲೆಯ ಪಂದ್ಯಗಳಿಗೆ ಆ ಪದ್ಧತಿ ಸಲ್ಲದು. ಅಲ್ಲಿ ಸಂಶಯವೊಂದೇ ಸಾಕು, ಆ ದಿನದ ಆಟ ಮುಗಿಯಿತು. ಬ್ರಿಟನ್ 2023ರಲ್ಲಿ ಸಾಮಾನ್ಯ ಕ್ರೀಡಾಪಟುಗಳಿಗಾಗಿ ಹೊರತಂದ ಮಾರ್ಗಸೂಚಿಯಂತೆ 24 ಗಂಟೆಯೊಳಗೆ ಆರೋಗ್ಯ ತಜ್ಞರ ಸಲಹೆ ಪಡೆಯಬೇಕು. ಕನಿಷ್ಠ 21 ದಿನ ಸ್ಪರ್ಧೆಗೆ ಇಳಿಯಬಾರದು. ಪ್ರಜ್ಞೆ ತಪ್ಪಿದರೆ ಮಾತ್ರ ಅಪಾಯವೆಂಬ ನಂಬಿಕೆಯೂ ನಿಲ್ಲುವಂಥದ್ದಲ್ಲ. ಪ್ರಜ್ಞೆ ತಪ್ಪುವುದು ನೂರರಲ್ಲಿ ಹತ್ತಕ್ಕಿಂತ ಕಡಿಮೆ ಪ್ರಕರಣಗಳಲ್ಲಿ.

ರಗ್ಬಿ ನಮ್ಮ ಮಕ್ಕಳ ಆಟವಲ್ಲ, ನಿಜ. ಆದರೆ ಕಬಡ್ಡಿ ನಮ್ಮದು. ಕಾಲು ಹಿಡಿದೆಳೆದಾಗ ತಲೆ ನೆಲಕ್ಕೆ ಬಡಿಯುವುದು, ಹಣೆಗೆ ಮಂಡಿ ತಾಗುವುದು ಯಾವ ಶಾಲಾ ಮೈದಾನಕ್ಕೆ ಅಪರಿಚಿತ? ನೀರು ಚಿಮುಕಿಸಿ, ಬೆನ್ನು ತಟ್ಟಿ ಮತ್ತೆ ಅಂಕಣಕ್ಕಿಳಿಸುವುದೇ ನಮ್ಮಲ್ಲಿ ರೂಢಿ.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕನ್ಕಷನ್ ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಕಾಣಿಸುವುದಿಲ್ಲ. ಮಗುವಿನ ನಡವಳಿಕೆಯಲ್ಲಿ, ಬಹುಮಟ್ಟಿಗೆ ಅದರ ಮಾತಿನಲ್ಲಿ ಕಾಣಿಸುತ್ತದೆ. ‘ತಲೆ ಜುಮ್ಮೆನ್ನುತ್ತಿದೆ’, ‘ಕಣ್ಣು ಮಂಜಾಗಿದೆ’, ‘ಏನೋ ಒಂಥರಾ ಆಗುತ್ತಿದೆ’ ಎಂಬ ಮಾತುಗಳೇ ಇಲ್ಲಿ ರೋಗಲಕ್ಷಣಗಳು. ಅವನ್ನು ಕೇಳುವ ಶಿಕ್ಷಕರಿಗೆ ಕನ್ನಡ ಬಾರದಿದ್ದರೆ? ಕನ್ನಡ ಮಾಧ್ಯಮಕ್ಕೆ ಕನ್ನಡ ಅರಿಯದ ಶಿಕ್ಷಕರ ನೇಮಕವನ್ನು ವಿರೋಧಿಸಿ ಕಾಸರಗೋಡಿನ ಪೋಷಕರು ನಡೆಸಿದ ಹೋರಾಟ ಪಾಠದ ಸಲುವಾಗಿತ್ತು. ಮೈದಾನದಲ್ಲಿ ಅದೇ ಪ್ರಶ್ನೆ ಮಗುವಿನ ಜೀವಕ್ಕೆ ಸಂಬಂಧಿಸಿದ್ದು.

ಪೋಷಕರ ಸಹಿಯ ಮಾತೂ ಹಾಗೆಯೇ. ಓದಲು ಬಾರದ ಭಾಷೆಯ ಒಪ್ಪಿಗೆಪತ್ರಕ್ಕೆ ಸಹಿ ಪಡೆದರೆ ಹೊಣೆ ಹಂಚಿಕೆಯಾಗುವುದಿಲ್ಲ, ಕೇವಲ ಹೊಣೆ ಜಾರಿಸಿದಂತಾಗುತ್ತದೆ. ಒಂದು ಪುಟದ ಕನ್ನಡ ಮಾಹಿತಿಪತ್ರಕ್ಕೆ ಕಾನೂನು ಬೇಕಿಲ್ಲ. ಶಿಕ್ಷಕ–ರಕ್ಷಕ ಸಂಘದ ಒಂದು ನಿರ್ಣಯ ಸಾಕು. ಆಟ ನಿಲ್ಲಿಸುವ ಅಧಿಕಾರ ಯಾರಿಗೆ, ಮನೆಗೆ ಫೋನ್ ಮಾಡುವವರು ಯಾರು ಎಂಬುದು ಅದರಲ್ಲಿ ಹೆಸರು ಸಹಿತ ಇರಲಿ. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಾತು ತೊದಲುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಸೆಳವು ಕಂಡರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕೆಂದು ದಪ್ಪಕ್ಷರದಲ್ಲಿರಲಿ. ಗೆಳೆಯನ ತಲೆಗೆ ಪೆಟ್ಟಾದುದನ್ನು ಹೇಳುವುದು ಚಾಡಿಯಲ್ಲವೆಂಬುದನ್ನು ಮಕ್ಕಳಿಗೂ ಓದಿ ಹೇಳಬೇಕು. ಒಟ್ಟಾವಾದಲ್ಲಿ ವಿಷಯ ಮೊದಲು ತಿಳಿದದ್ದು ಸ್ನೇಹಿತರಿಗೇ.