ಬೆಕ್ಕಿನ ಬಾಲ ಎಳೆಯುವ ಮುನ್ನ

ತುಂಟ ಮಕ್ಕಳನ್ನು 'ಬಾಲ ಬಿಚ್ಚಬೇಡ' ಎಂದು ಗದರಿಸುವುದು ಮನೆಮನೆಯ ಮಾತು. ಸೋತವನು ಬಾಲ ಮುದುರಿಕೊಂಡು ಬರುತ್ತಾನೆ. ಚಡಪಡಿಸುವವನು ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಾನೆ. ಬಾಲವೇ ಇಲ್ಲದ ಮನುಷ್ಯ ತನ್ನ ಮನಸ್ಸಿನ ಸ್ಥಿತಿ ಹೇಳಲು ಬಾಲವನ್ನು ಎರವಲು ಪಡೆದಿರುವುದು ಸೋಜಿಗವೇ ಸರಿ. ಆದರೆ ನಿಜವಾದ ಬಾಲವುಳ್ಳ ಬೆಕ್ಕೊಂದು ಮನೆಯಲ್ಲಿದ್ದರೆ, ಪುಟ್ಟ ಮಕ್ಕಳ ಕಣ್ಣಿಗೆ ಅದು ಎಳೆದಾಡುವ ಹಗ್ಗದಂತೆ ಕಾಣುತ್ತದೆ. ದೊಡ್ಡವರೂ ನೋಡಿ ನಗುತ್ತಾರೆ. ಆ ಹಗ್ಗದೊಳಗೆ ಏನಿದೆ ಎಂದು ತಿಳಿದರೆ ಬಹುಶಃ ನಗಲಾರರು.

ಬೆಕ್ಕಿನ ಬಾಲವೆಂದರೆ ಅದರ ಬೆನ್ನುಮೂಳೆಯ ಮುಂದುವರಿಕೆ. ಕುತ್ತಿಗೆಯಲ್ಲಿ 7 ಕಶೇರುಮಣಿಗಳು, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7, ಅನಂತರ ಒಂದಕ್ಕೊಂದು ಬೆಸೆದುಕೊಂಡ 3. ಅಲ್ಲಿಂದಾಚೆ ಬಾಲದ ಮಣಿಗಳು. ಅವು ಸಾಮಾನ್ಯವಾಗಿ 18ರಿಂದ 23. ಇದೇ ಜಾಗದಲ್ಲಿ ಮನುಷ್ಯನಿಗೆ ಉಳಿದಿರುವುದು ಮೂರರಿಂದ ಐದು ಪುಟ್ಟ ಮೂಳೆಗಳ ಗಂಟು ಮಾತ್ರ. ಬೆಕ್ಕಿನ ಬಾಲದ ಮೂಳೆಗಳು ತುದಿಗೆ ಹೋದಂತೆ ಸಣ್ಣದಾಗುತ್ತವೆ. ಬುಡದ ಸ್ನಾಯುಗಳಿಂದ ಹೊರಟ ಉದ್ದನೆಯ ಸ್ನಾಯುರಜ್ಜುಗಳು ಸೂತ್ರದ ಗೊಂಬೆಯ ದಾರಗಳಂತೆ ತುದಿಯವರೆಗೂ ಚಾಚಿಕೊಂಡಿವೆ. ಮಲಗಿದ ಬೆಕ್ಕು ಬಾಲದ ತುದಿಯೊಂದನ್ನೇ ತಟ್ಟನೆ ಅಲ್ಲಾಡಿಸಬಲ್ಲದ್ದು ಇದರಿಂದಾಗಿಯೇ.

ಸಾಧಾರಣ ಸಾಕುಬೆಕ್ಕಿನ ಬಾಲ 25ರಿಂದ 30 ಸೆಂ.ಮೀ. ಉದ್ದ. ಗಂಡಿನದು ತುಸು ಹೆಚ್ಚು. ಅಮೆರಿಕದ ಮೈನ್ ಕೂನ್ ತಳಿಯ ಬೆಕ್ಕೊಂದರ ಬಾಲವನ್ನು 2016ರಲ್ಲಿ ಅಳೆದಾಗ 44.66 ಸೆಂ.ಮೀ. ಇದ್ದು, ಗಿನ್ನೆಸ್ ದಾಖಲೆಗೆ ಸೇರಿತು. ಇನ್ನೊಂದು ತುದಿಯಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ನಡುವಣ ಮ್ಯಾನ್ ದ್ವೀಪದ ಬೆಕ್ಕುಗಳಿವೆ. ಇವುಗಳಲ್ಲಿ ಹಲವಕ್ಕೆ ಬಾಲವೇ ಇಲ್ಲ. 1970ರಲ್ಲಿ ಆ ದ್ವೀಪ ತನ್ನ ನಾಣ್ಯವೊಂದರ ಮೇಲೂ ಈ ಬೆಕ್ಕಿನ ಚಿತ್ರ ಅಚ್ಚೊತ್ತಿಸಿತು. ಹೆಮ್ಮೆಯ ವಿಷಯವೇನೋ ಹೌದು. ಆದರೆ ಬಾಲ ಕಳೆದ ಆ ಜೀನ್ ಬೆಕ್ಕಿಗೆ ದುಬಾರಿಯಾಗಿದೆ. ತಾಯಿ ತಂದೆ ಇಬ್ಬರಿಂದಲೂ ಅದು ಬಂದರೆ ಮರಿ ಹುಟ್ಟುವ ಮೊದಲೇ ಸಾಯುತ್ತದೆ. ಒಬ್ಬರಿಂದ ಮಾತ್ರ ಬಂದರೂ ಕೆಲವು ಮರಿಗಳಿಗೆ ಬೆನ್ನುಹುರಿಯ ದೋಷವಿರುತ್ತದೆ. ಹಿಂಗಾಲು ಸೋಲುತ್ತದೆ, ಮಲಮೂತ್ರದ ಹಿಡಿತ ತಪ್ಪುತ್ತದೆ. ಬಾಲ ಬೇರೆ, ಬೆನ್ನು ಬೇರೆ ಎಂದು ಪ್ರಕೃತಿ ಲೆಕ್ಕ ಇಟ್ಟಿಲ್ಲ.

ಹಾಗಾದರೆ ಬಾಲದ ಕೆಲಸವೇನು? ಬೆಕ್ಕು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲಲು ಬಾಲವೇ ಕಾರಣ ಎಂಬ ನಂಬಿಕೆ ಹಳೆಯದು. 1894ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಬೀಳುವ ಬೆಕ್ಕಿನ ಸರಣಿ ಛಾಯಾಚಿತ್ರಗಳನ್ನು ಪ್ರಕಟಿಸಿದರು. ಬೆಕ್ಕು ಸೊಂಟದ ಬಳಿ ಬಾಗಿ, ಮುಂಭಾಗವನ್ನೂ ಹಿಂಭಾಗವನ್ನೂ ಬೇರೆ ಬೇರೆಯಾಗಿ ತಿರುಚಿ ಮಗುಚಿಕೊಳ್ಳುವುದು ಅವುಗಳಲ್ಲಿ ಕಾಣುತ್ತದೆ. ಬಾಲವಿಲ್ಲದ ಬೆಕ್ಕೂ ಹೀಗೆ ಕಾಲ ಮೇಲೆಯೇ ಇಳಿಯುತ್ತದೆ. ಬಾಲ ನಿಜಕ್ಕೂ ನೆರವಾಗುವುದು ಕಾಂಪೌಂಡು ಗೋಡೆಯ ಅಂಚಿನಂಥ ಇಕ್ಕಟ್ಟಿನ ಜಾಗದಲ್ಲಿ ನಡೆಯುವಾಗ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಿರಿದಾದ ತೊಲೆಯ ಮೇಲೆ ಬೆಕ್ಕುಗಳು ಹೋಗುತ್ತಿರುವಾಗ ಅದನ್ನು ಥಟ್ಟನೆ ಪಕ್ಕಕ್ಕೆ ಸರಿಸಲಾಯಿತು. ಬೆಕ್ಕುಗಳು ಬಾಲ ಬೀಸಿ, ಜಾರಿದ ಸೊಂಟವನ್ನು ಮತ್ತೆ ತೊಲೆಯ ಮೇಲಕ್ಕೆ ತಂದುಕೊಂಡವು. ಬಾಲದ ಚಲನೆ ಕಳೆದುಕೊಂಡ ಬೆಕ್ಕುಗಳು ಹೆಚ್ಚು ಸಲ ಬಿದ್ದವು. (ಇಂಥ ಪ್ರಯೋಗ ಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.)

ಮನೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಬಾಲದ ಮಾತು. ಶಾಲೆಯಿಂದ ಮಗು ಬಂದೊಡನೆ ಬೆಕ್ಕು ಬಾಲವನ್ನು ಕಂಬದಂತೆ ನೆಟ್ಟಗೆ ಎತ್ತಿ ಬಂದರೆ ಅದು ಸ್ನೇಹದ ಸ್ವಾಗತ. 1997ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕಿ ಷಾರ್ಲೆಟ್ ಕ್ಯಾಮರಾನ್-ಬೋಮಾಂಟ್ ಕಪ್ಪು ಕಾಗದದಲ್ಲಿ ಬೆಕ್ಕಿನ ಆಕಾರ ಕತ್ತರಿಸಿ ಗೋಡೆಗೆ ಅಂಟಿಸಿದರು. ಬಾಲ ಎತ್ತಿದ ಚಿತ್ರವನ್ನು ಕಂಡ ಬೆಕ್ಕುಗಳು ತಾವೂ ಬಾಲ ಎತ್ತಿ ಹತ್ತಿರ ಬಂದವು. ಬಾಲ ಇಳಿಬಿಟ್ಟ ಚಿತ್ರಕ್ಕೆ ಆ ಮರ್ಯಾದೆ ಸಿಗಲಿಲ್ಲ! ರೋಮ್ ನಗರದ ಬೀದಿಬೆಕ್ಕುಗಳ ಗುಂಪೊಂದನ್ನು ಗಮನಿಸಿದ 2009ರ ಅಧ್ಯಯನದ ಪ್ರಕಾರ, ಕೆಳಗಿನ ಸ್ಥಾನದ ಬೆಕ್ಕು ಮೇಲಿನದರ ಮುಂದೆ ಬಾಲ ಎತ್ತುವುದೇ ಹೆಚ್ಚು. ಜಗಳ ಬೇಡ ಎಂಬುದಕ್ಕೆ ಅವುಗಳ ನಮಸ್ಕಾರವದು.

ಹೆದರಿದ ಬೆಕ್ಕಿನ ಬಾಲ ಬಾಟಲಿ ತೊಳೆಯುವ ಬ್ರಷ್ಷಿನಂತಾಗುತ್ತದೆ. ಪ್ರತಿ ಕೂದಲಿನ ಬುಡದಲ್ಲಿರುವ ಪುಟ್ಟ ಸ್ನಾಯು ಸೆಟೆಯುವುದೇ ಇದರ ಗುಟ್ಟು. ಮನುಷ್ಯನಿಗೆ ಮೈ ಜುಮ್ಮೆಂದಾಗ ರೋಮ ನಿಲ್ಲುವುದೂ ಹೀಗೆಯೇ. ಇನ್ನು ಮಕ್ಕಳು ಮೋಸಹೋಗುವುದು ಬಾಲ ಬೀಸುವಿಕೆಯಲ್ಲಿ. ಬಾಲ ಅಲ್ಲಾಡಿಸುವ ನಾಯಿಯನ್ನು ಕಂಡು ಅಭ್ಯಾಸವಾದವರು ಬೆಕ್ಕೂ ಖುಷಿಯಲ್ಲಿದೆ ಎಂದು ತಿಳಿಯುತ್ತಾರೆ. ತೊಡೆಯ ಮೇಲಿನ ಬೆಕ್ಕು ಬಾಲವನ್ನು ರಪರಪನೆ ಬಡಿಯತೊಡಗಿದರೆ 'ಸಾಕು, ಬಿಡು' ಎಂದರ್ಥ. ಆಗಲೂ ಸವರುತ್ತಲೇ ಇದ್ದರೆ ಮುಂದಿನ ಉತ್ತರ ಉಗುರಿನಿಂದ ಬರುತ್ತದೆ.

ಈಗ ಆ ಹಗ್ಗದ ಮಾತು. ಬೆನ್ನುಹುರಿ ಬಾಲದ ತುದಿಯವರೆಗೆ ಹೋಗುವುದಿಲ್ಲ. ಬಾಲದ ಬುಡಕ್ಕೆ ಸ್ವಲ್ಪ ಮುಂಚೆಯೇ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ನರಗಳು ಗೊಂಚಲಾಗಿ ಸಾಗುತ್ತವೆ. ಹಳೆಯ ಅಂಗರಚನಾ ಶಾಸ್ತ್ರಜ್ಞರು ಈ ಗೊಂಚಲಿಗೆ 'ಕುದುರೆಯ ಬಾಲ' ಎಂದೇ ಹೆಸರಿಟ್ಟರು. ಬಾಲದ ನರಗಳು ಮಾತ್ರವಲ್ಲ, ಮೂತ್ರಕೋಶ ಮತ್ತು ಗುದದ್ವಾರವನ್ನು ಹತೋಟಿಯಲ್ಲಿಡುವ ನರಗಳೂ ಇದರಲ್ಲಿವೆ. ಬಾಲವನ್ನು ಜೋರಾಗಿ ಜಗ್ಗಿದರೆ ಬುಡದ ಕೀಲು ತಪ್ಪಿ ಈ ನರಗಳು ಹಿಗ್ಗಬಹುದು, ಹರಿಯಲೂಬಹುದು. ಸ್ಕೂಟರಿನ ಚಕ್ರಕ್ಕೆ ಬಾಲ ಸಿಕ್ಕಿದಾಗ, ಬಾಗಿಲ ಸಂದಿನಲ್ಲಿ ಸಿಕ್ಕ ಬಾಲವನ್ನು ಬೆಕ್ಕು ಬಿಡಿಸಿಕೊಳ್ಳಲು ಹೆಣಗಿದಾಗ ಆಗುವುದೂ ಇದೇ.

ಬಾಲ ಜೀವವಿಲ್ಲದಂತೆ ಜೋತು ಬಿದ್ದಿದ್ದರೆ, ಮೂತ್ರ ತೊಟ್ಟಿಕ್ಕುತ್ತಿದ್ದರೆ ಅಥವಾ ಹೋಗದೇ ಇದ್ದರೆ ಮನೆಮದ್ದು ಹಚ್ಚುತ್ತ ಕೂರದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೂತ್ರ ಕಟ್ಟಿಕೊಂಡರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ವೈದ್ಯರು ಮೊದಲು ಬಾಲದ ಬುಡವನ್ನು ಮೆಲ್ಲಗೆ ಚಿವುಟಿ ನೋಡುತ್ತಾರೆ. ಅಲ್ಲಿ ನೋವು ತಿಳಿಯುತ್ತಿದ್ದರೆ ಮೂತ್ರದ ಹಿಡಿತ ಮರಳುವ ಭರವಸೆ ಹೆಚ್ಚು. ಅಲ್ಲಿಯವರೆಗೆ ದಿನಕ್ಕೆ ಹಲವು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಯಬೇಕಾಗಬಹುದು. ಅದನ್ನು ಮನೆಯವರು ವೈದ್ಯರಿಂದ ಕಲಿತು ಮಾಡುತ್ತಾರೆ. ಸತ್ತ ಬಾಲವನ್ನು ಕತ್ತರಿಸಿ ತೆಗೆಯುವುದೂ ಉಂಟು. ಬಾಲ ಹೋದ ಬೆಕ್ಕು ನಡೆದಾಡಲು, ಜಿಗಿಯಲು ಹೊಂದಿಕೊಳ್ಳುತ್ತದೆ. ಆದರೆ ಮೂತ್ರಕೋಶದ ನರಗಳೇ ಹರಿದಿದ್ದರೆ ಶಸ್ತ್ರಚಿಕಿತ್ಸೆಯಿಂದ ಅವನ್ನು ಮತ್ತೆ ಕೂಡಿಸಲು ಬರುವುದಿಲ್ಲ.